ಬನಹಟ್ಟಿಯಿಂದ ಬಂದ ಬೆರಳಚ್ಚು ಯಂತ್ರ

೨೦೨೩ರಲ್ಲಿ ನಾನು ಬೆರಳಿನ ಗೆರೆ ನೋಡಿ ಜನರನ್ನು ಗುರುತಿಸುವ ಬೆರಳಚ್ಚು ಯಂತ್ರ ತಯಾರಿಸುವ ಒಂದು ಸಣ್ಣ ಕಂಪನಿಯಲ್ಲಿ ಟೆಸ್ಟ್ ಇಂಜಿನಿಯರ್ ಆಗಿದ್ದೆ. ಕೆಲಸವೆಲ್ಲ ಜಮಖಂಡಿಯ ನಮ್ಮ ಮನೆಯ ಮಹಡಿಯ ಮೇಲೆ. ಯಂತ್ರದ ಆಪರೇಟಿಂಗ್ ಸಿಸ್ಟಂನಲ್ಲಿ ಕರ್ನೆಲ್ ಎಂಬ ಮೂಲ ಭಾಗವಿರುತ್ತದೆ. ಮೆಮೊರಿಯನ್ನು ಹಂಚುವುದು, ಹಿಂಪಡೆಯುವುದು ಅದರ ಕೆಲಸ. ಬಳಸಿ ಬಿಟ್ಟ ಮೆಮೊರಿಯನ್ನು ಅದು ಅಳಿಸುತ್ತದೆಯೇ ಎಂದು ನೋಡುವುದು ನನ್ನ ಹೊಣೆ. ಹದಿನಾಲ್ಕು ವರ್ಷದ ಅನುಭವವಿತ್ತು, ಅದರ ಸೊಕ್ಕೂ ಇತ್ತು.

ನನ್ನ ಪರೀಕ್ಷೆ ಸರಳವಾಗಿತ್ತು. ಮೆಮೊರಿಯ ಒಂದು ತುಂಡು, ನಮ್ಮ ಭಾಷೆಯಲ್ಲಿ ಒಂದು ಪುಟ, ಪಡೆದು, ಗುರುತು ಬರೆದು ಹಿಂತಿರುಗಿಸುವುದು. ಅದೇ ಪುಟವನ್ನು ಮತ್ತೆ ಕೇಳಿ ಪಡೆದು ನೋಡುವುದು. ಪ್ರತಿ ಸಲವೂ ಬರೀ ಸೊನ್ನೆ ಕಾಣುತ್ತಿತ್ತು. 'ಪಾಸ್' ಎಂದು ಸಹಿ ಹಾಕಿದೆ. ಮೊದಲ ಯಂತ್ರ ಬನಹಟ್ಟಿಯ ನೇಕಾರರ ಸಂಘವೊಂದಕ್ಕೆ ಹೋಯಿತು. ನೂಲು ಹಂಚುವಾಗ ಸದಸ್ಯರ ಗುರುತು ಹಿಡಿಯಲು. ಮುಂದೆ ಮುಧೋಳ, ಬೀಳಗಿಗೂ ಹೋಗುವುದಿತ್ತು.

ನಾಲ್ಕು ತಿಂಗಳ ಮೇಲೆ ಆ ಯಂತ್ರ ಪರದೆ ಒಡೆದುಕೊಂಡು ನನ್ನ ಬಳಿ ಬಂತು. ಪರದೆ ಮುಟ್ಟಿಯೇ ಅದನ್ನು ಬಂದ್ ಮಾಡಬೇಕು, ಹಾಗಾಗಿ ಬಂದ್ ಮಾಡಲು ಯಾರಿಗೂ ಆಗಿರಲಿಲ್ಲ. ಬ್ಯಾಟರಿಯ ಮೇಲೆ ಓಡುತ್ತಲೇ ಇತ್ತು; ಬಂದ್ ಆಗಿದ್ದರೆ ಮೆಮೊರಿಯಲ್ಲಿದ್ದದ್ದೆಲ್ಲ ತಾನಾಗಿಯೇ ಅಳಿಯುತ್ತಿತ್ತು. ದೋಷ ಹುಡುಕಲು ಮಾಮೂಲಿನಂತೆ ಕೇಬಲ್ ಹಾಕಿ ಮೆಮೊರಿಯನ್ನೆಲ್ಲ ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡೆ. ಖಾಲಿ ಎಂದು ಕರ್ನೆಲ್ ಹೇಳುತ್ತಿದ್ದ ಪುಟಗಳಲ್ಲಿ ಮೂವತ್ತೇಳು ಜನರ ಬೆರಳಚ್ಚುಗಳಿದ್ದವು. ಒಬ್ಬರದಂತೂ ಹತ್ತೂ ಬೆರಳು. ಎಡಗೈ ತೋರುಬೆರಳ ಮೇಲೆ ಓರೆಯಾದ ಒಂದು ಗಾಯದ ಕಲೆ.

ತಪ್ಪು ತಿಳಿಯಲು ಅರ್ಧ ದಿನ ಸಾಕಾಯಿತು. ನಮ್ಮ ಕರ್ನೆಲ್ ಪುಟವನ್ನು ಮತ್ತೊಬ್ಬರಿಗೆ ಕೊಡುವಾಗ ಅಳಿಸುತ್ತಿತ್ತು, ಮೊದಲಿನವರು ಬಿಟ್ಟಾಗ ಅಳಿಸುತ್ತಿರಲಿಲ್ಲ. ಬಾಡಿಗೆಯವರು ಖಾಲಿ ಮಾಡಿದ ಮನೆಯನ್ನು ಹೊಸಬರು ಬರುವ ದಿನ ಮಾತ್ರ ಗುಡಿಸಿದಂತೆ. ನಾನು ಹೊಸಬಳಾಗಿ ಒಳಗೆ ಹೋಗಿ, ಮನೆ ಯಾವಾಗಲೂ ಸ್ವಚ್ಛವಿರುತ್ತದೆ ಎಂದು ಬರೆದುಕೊಟ್ಟಿದ್ದೆ. ನನ್ನ ಮೇಲೆ ನನಗೇ ಮೈಯೆಲ್ಲ ಉರಿಯಿತು.

ಇಷ್ಟು ಜನರದ್ದು ಹೇಗೆ ಉಳಿಯಿತು ಎಂದು ನೋಡಲು ಬನಹಟ್ಟಿಗೆ ಹೋದೆ. ನೂಲು ಹಂಚುವ ಈರಣ್ಣ ಯಂತ್ರವನ್ನು ಎಂದೂ ಬಂದ್ ಮಾಡುತ್ತಿರಲಿಲ್ಲವಂತೆ. ಮತ್ತೆ ಚಾಲೂ ಆಗಲು ಹತ್ತು ನಿಮಿಷ ಬೇಕು, ಸಾಲಿನಲ್ಲಿ ನಿಂತವರು ಬೈಯುತ್ತಾರೆ. ಎಳೆ ಗಂಟು ಹಾಕಿ ಹಾಕಿ ನೇಕಾರರ ಬೆರಳಿನ ಗೆರೆಗಳು ಸವೆದಿರುತ್ತವೆ. ಒಂದು ಬೆರಳನ್ನು ಯಂತ್ರ ಗುರುತಿಸದಿದ್ದರೆ ಇನ್ನೊಂದು ಎಂದು ಹತ್ತನ್ನೂ ಒತ್ತಿಸುವುದು ಅಲ್ಲಿನ ರೂಢಿ. ನನ್ನ ಮೇಜಿನ ಮೇಲೆ ಯಂತ್ರ ಪ್ರತಿ ಪರೀಕ್ಷೆಗೂ ಹೊಸದಾಗಿ ಚಾಲೂ ಆಗುತ್ತಿತ್ತು, ಒತ್ತುವ ಬೆರಳೂ ಒಂದೇ ಇತ್ತು.

ಯಂತ್ರವಿಲ್ಲದ್ದರಿಂದ ಅಂದು ಪುಸ್ತಕದಲ್ಲಿ ಸಹಿ ಮಾಡಿಸುತ್ತಿದ್ದರು. ನೀಲವ್ವ ಎಂಬ ನೇಕಾರ ಹೆಂಗಸು ಪುಸ್ತಕ ಒತ್ತಿ ಹಿಡಿದ ಎಡಗೈಯ ತೋರುಬೆರಳ ಮೇಲೆ ಅದೇ ಓರೆ ಕಲೆ ಕಂಡೆ. ಮುಚ್ಚಿಡುವ ಮನಸ್ಸಾಗಲಿಲ್ಲ, ನಡೆದದ್ದನ್ನೆಲ್ಲ ಹೇಳಿದೆ. ಅವರು ಸಿಟ್ಟಾಗಲಿಲ್ಲ.

"ಮೊಬೈಲ್ ನಂಬರ್ ಆಗಿದ್ರ ಬದಲ್ ಮಾಡಬಹುದಿತ್ರಿ ಅಕ್ಕಾರ. ಬ್ಯಾರೆ ಬಟ್ಟ ಎಲ್ಲಿಂದ ತರೂದ್ರಿ?"

ಎನ್ನುತ್ತ ತಮ್ಮ ಹತ್ತೂ ಬೆರಳುಗಳನ್ನು ನನ್ನ ಮುಂದೆ ಚಾಚಿದರು.

ಅಂದೇ ನಮ್ಮ ಕಂಪನಿಯ ಮ್ಯಾನೇಜರ್ ಸಾಹೇಬರಿಗೆ ಫೋನ್ ಮಾಡಿದೆ. ಬಿಟ್ಟ ಕೂಡಲೇ ಅಳಿಸುವ ವ್ಯವಸ್ಥೆ ಕರ್ನೆಲ್‌ನಲ್ಲೇ ಇದೆ, ನಾವು ಬಂದ್ ಮಾಡಿಟ್ಟಿದ್ದೇವೆ ಎಂದೆ. ಅದನ್ನು ಚಾಲೂ ಮಾಡಿದರೆ ಯಂತ್ರ ತುಸು ನಿಧಾನವಾಗುತ್ತದೆ, ಸೋಮವಾರ ಮುಧೋಳದಲ್ಲಿ ಯಂತ್ರ ಕೂರಿಸಬೇಕು ಎಂದು ಅವರು ರೇಗಿದರು. "ನೇಕಾರರ ಬಟ್ಟ ತೊಗೊಂಡು ಯಾರ್ ಏನ್ ಮಾಡ್ತಾರ್ರಿ ಮೇಡಮ್? ಪಾಸ್ ಅಂತ ಬರದು ಕಳಸ್ರಿ." ಹಟವಿದ್ದರೆ ಪುರಾವೆಗೆ ಆ ಬೆರಳಚ್ಚುಗಳನ್ನು ಮೇಲ್ ಮಾಡಿ ಎಂದೂ ಹೇಳಿದರು. ಬನಹಟ್ಟಿಯಿಂದ ಬಂದವಳೇ ಯಂತ್ರದಲ್ಲಿದ್ದದ್ದನ್ನೂ ಲ್ಯಾಪ್‌ಟಾಪಿನಲ್ಲಿದ್ದದ್ದನ್ನೂ ಅಳಿಸಿಬಿಟ್ಟೆ. ನೀಲವ್ವನ ಬೆರಳುಗಳನ್ನು ಊರೂರು ಸುತ್ತಿಸಲು ನಾನು ತಯಾರಿರಲಿಲ್ಲ.

ಸೋಮವಾರ ಮುಧೋಳಕ್ಕೆ ಹೋದೆ, ಸಾಹೇಬರೂ ಬಂದಿದ್ದರು. ಹೊಸ ಯಂತ್ರವನ್ನು ಸಾಹೇಬರ ಮುಂದಿಟ್ಟು, ಹತ್ತೂ ಬೆರಳು ಒತ್ತಿ ಎಂದೆ. ನಗುತ್ತಲೇ ಒತ್ತಿದರು. ದಾಖಲೆ ಅಳಿಸುವ ಗುಂಡಿಯನ್ನೂ ಅವರೇ ಒತ್ತಿದರು. ಪರದೆಯ ಮೇಲೆ 'ಅಳಿಸಲಾಗಿದೆ' ಎಂದು ಬಂತು. ಎಲ್ಲರೂ ಚಹಾ ಕುಡಿದೆವು. ಆಮೇಲೆ ನಾನು ಕೇಬಲ್ ಹಾಕಿದೆ. ಲ್ಯಾಪ್‌ಟಾಪಿನಲ್ಲಿ ಅವರ ಬೆರಳುಗಳು ಒಂದೊಂದಾಗಿ ಮೂಡಿದವು, ಹತ್ತೂ. ಪುರಾವೆ ಕೇಳಿದ್ದಿರಲ್ಲ, ಇದನ್ನೇ ಹೆಡ್ ಆಫೀಸಿಗೆ ಮೇಲ್ ಮಾಡಲೇ ಎಂದು ಕೇಳಿದೆ.

ಅವರ ಮುಖ ಇಳಿಯಿತು. "ಮೊದಲ ಅದನ್ನ ಅಳಸ್ರಿ," ಎಂದರು.

ಅಂದು ಯಂತ್ರ ಕೂರಿಸಲಿಲ್ಲ. ಅಳಿಸುವ ವ್ಯವಸ್ಥೆಯನ್ನು ಚಾಲೂ ಮಾಡಿಸಿ, ಪುಟ ಬಿಟ್ಟ ಕ್ಷಣವೇ ಮೆಮೊರಿಯೊಳಗೆ ನೇರ ಇಣುಕಿ ನೋಡುವ ಹೊಸ ಪರೀಕ್ಷೆ ಬರೆದೆ. ಅದರಲ್ಲಿ ಪಾಸಾದ ಮೇಲೆಯೇ ಯಂತ್ರಗಳು ಮೂರೂ ಊರಿಗೆ ಹೋದವು. ಬದಲಾವಣೆಯ ಪಟ್ಟಿಯಲ್ಲಿ ಕಂಪನಿ 'ವೇಗ ಹೆಚ್ಚಿಸಲಾಗಿದೆ' ಎಂದು ಬರೆಯಿತು. ಹಸಿ ಸುಳ್ಳು. ಬನಹಟ್ಟಿಗೆ ಹೋಗಿ ತಪ್ಪಾಯಿತು ಎಂದು ಹೇಳಲು ನನ್ನ ಹೊರತು ಯಾರೂ ಬರಲಿಲ್ಲ.

ಆ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ. ಈಗ ಯಾವ ಯಂತ್ರ ಬಂದರೂ ಮೊದಲು ನನ್ನ ಹತ್ತೂ ಬೆರಳು ಒತ್ತಿ, ಇಡೀ ದಿನ ಬಂದ್ ಮಾಡದೆ ಇಡುತ್ತೇನೆ. ಅವುಗಳಲ್ಲಿ ಒಂದೇ ಒಂದು ಒಳಗೆ ಸಿಕ್ಕರೂ ನಾನು ಸಹಿ ಹಾಕುವುದಿಲ್ಲ.