ಗಿಡಸಾಲಿನಲ್ಲಿ ಬಾಗಿಲಗಲದ ದಾರಿ

ಊರಿಗೆ ಉದ್ಯಾನ ಕಟ್ಟಿಕೊಟ್ಟವರಿಗೆ ಹೆಸರು ಬರುತ್ತದೆ, ಹಾರ ಬೀಳುತ್ತದೆ. ಆದರೆ ಮನೆಗಳ ಮುಂದಿನ ಫುಟ್‌ಪಾತಿಗೂ ರಸ್ತೆಗೂ ನಡುವೆ ಒಂದು ಮಾರಗಲಕ್ಕೆ ಹಬ್ಬಿರುವ ಹಸಿರು ಪಟ್ಟಿಯನ್ನು ಕಾರುಗಳ ಚಕ್ರದಿಂದಲೂ ಕಟ್ಟಡದವರ ಜಲ್ಲಿಯಿಂದಲೂ ಕಾಪಾಡಿಕೊಂಡು ಬಂದವರನ್ನು ಯಾರೂ ಗುರುತಿಸುವುದಿಲ್ಲ. ಆ ಪಟ್ಟಿಗಾಗಿಯೇ ಸೇವಾವಧಿಯನ್ನೆಲ್ಲ ಸವೆಸಿ ಈಗ ನಿವೃತ್ತರಾಗಿರುವ ನಮ್ಮ ಉದ್ಯಾನ ವಿಭಾಗದ ಮೇಲ್ವಿಚಾರಕರನ್ನು ಕಚೇರಿಯಲ್ಲಿ ಎಲ್ಲರೂ, ಬೆನ್ನ ಹಿಂದೆ, ‘ಅನುಮಾನದ ಮೇಡಂ’ ಎನ್ನುತ್ತಿದ್ದರು. ಅದು ಅವರಿಗೆ ಗೊತ್ತಿತ್ತು. ಮೊದಲು ಹಾಗೆ ಕರೆದವರು ಯಾರೆಂಬ ಬಗ್ಗೆಯೂ ಅವರಿಗೊಂದು ಅನುಮಾನವಿತ್ತು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಬಟ್ಟೆ ಅಂಗಡಿಯ ಮುಂದಿನ ಮರ ಒಣಗತೊಡಗಿತು. ಅಂಗಡಿಯ ಬೋರ್ಡು ಆ ಮರದ ಹಿಂದೆ ಮರೆಯಾಗಿತ್ತು. “ಹುಳ ಬಿದ್ದಿರ್ಬೇಕು ಮೇಡಂ,” ಎಂದ ಮಾಲೀಕ. ಅವರು ಬುಡದ ಮಣ್ಣನ್ನು ಕೆರೆದು ಮೂಗಿಗೆ ಹಿಡಿದು, “ನಿಮ್ಮ ಹುಳ ಸೀಮೆಎಣ್ಣೆ ಕುಡಿಯುತ್ತಾ?” ಎಂದು ಕೇಳಿದರಂತೆ. ಅಂದಿನಿಂದ ಬಾಡಿದ ಪ್ರತಿ ಎಲೆಯ ಹಿಂದೆಯೂ ಒಬ್ಬ ಮನುಷ್ಯನನ್ನು ಹುಡುಕುವುದು ಅವರಿಗೆ ಅಭ್ಯಾಸವಾಯಿತು.

ಅವರ ಈ ಗುಣ ಒಬ್ಬರ ಅನ್ನ ಉಳಿಸಿದ ಪ್ರಸಂಗವನ್ನು ಇಲ್ಲಿ ನೆನೆಯಬೇಕು. ಬಸ್ ನಿಲ್ದಾಣವಿದ್ದ ಒಂದು ಬೀದಿಯ ಉದ್ದಕ್ಕೂ ಅವರೇ ನಿಂತು ಸೊಂಟದೆತ್ತರದ ಗಿಡಸಾಲು ಬೆಳೆಸಿದ್ದರು. ನಡುವೆ ಒಂದೆಡೆ ಮಾತ್ರ ಗಿಡಗಳು ಮಾಯವಾಗುತ್ತಿದ್ದವು. ಹೊಸತು ನೆಟ್ಟರೆ ಅವೂ ಬೇರುಸಹಿತ ಕಾಣೆ. ಆ ಬೀದಿಯ ಮಾಲಿಯ ಭಾವಮೈದುನ ಸಸಿ ಮಾರುವವನು. ಕಚೇರಿಗೆ ಇಷ್ಟು ಸಾಕಾಯಿತು. ಮಾಲಿಯನ್ನು ತೆಗೆದುಹಾಕಲು ಮೇಲಧಿಕಾರಿಗಳು ಸಿದ್ಧರಾದರು.

ಮೇಡಂಗೂ ಅವನ ಮೇಲೆ ಅನುಮಾನವಿತ್ತು. ಎದುರಿಗೆ ನಿಲ್ಲಿಸಿಕೊಂಡು ಕೇಳಿದರು: “ನಿಜ ಹೇಳು, ಭಾವಮೈದುನನಿಗೆ ಕೊಟ್ಯಾ?”

“ಮೇಡಂ, ಕದಿಯೋನಾದ್ರೆ ದಿನಾ ಒಂದೇ ಜಾಗದಲ್ಲಿ ಕದೀತೀನಾ?” ಎಂದ ಮಾಲಿ, ತಲೆ ಎತ್ತದೆ.

ಆ ಮಾತು ಅವರ ತಲೆ ಹೊಕ್ಕಿತು. ಇವನ ಮೇಲಿದ್ದ ಅನುಮಾನ ಹೋಗಲಿಲ್ಲ. ಆದರೆ ಕಳ್ಳ ಇಷ್ಟು ಸುಲಭವಾಗಿ ಸಿಕ್ಕಿಬಿದ್ದದ್ದರ ಮೇಲೂ ಅವರಿಗೆ ಅನುಮಾನ ಬಂತು. ಮೇಲಧಿಕಾರಿಗಳನ್ನು ತಡೆದು, ದಿನಾ ಬೀದಿ ಖಾಲಿಯಾಗುವ ಮಧ್ಯಾಹ್ನದ ಹೊತ್ತು ಎದುರಿನ ಟೀ ಅಂಗಡಿಯ ಬೆಂಚಿನಲ್ಲಿ ಕಾದು ಕುಳಿತರು. ಟೀ ಅಂಗಡಿಯವನು ಇವರನ್ನು ಸಂಶಯದಿಂದ ನೋಡುತ್ತಿದ್ದ; ಇವರು ಅವನನ್ನು.

ಕೊನೆಗೊಂದು ದಿನ, ನಿಲ್ದಾಣದ ಪಕ್ಕದ ಮನೆಯಿಂದ ಮುದುಕಿಯೊಬ್ಬರು ಕಳೆಗುದ್ದಲಿ ಹಿಡಿದು ಹೊರಬಂದರು. ಬೀದಿಯ ಎರಡೂ ತುದಿ ನೋಡಿದರು. ಕುಕ್ಕರುಗಾಲಲ್ಲಿ ಕುಳಿತು, ಬೇರಿಗೆ ಪೆಟ್ಟಾಗದಂತೆ ಗಿಡವೊಂದನ್ನು ಬಿಡಿಸಿಕೊಂಡು ಒಳಗೆ ಹೋದರು. ಮೇಡಂ ಹಿಂದೆಯೇ ನಡೆದರು. ಹಿತ್ತಲಲ್ಲಿ ಹಳೆಯ ಡಬ್ಬಗಳಲ್ಲಿ, ಒಡೆದ ಬಕೆಟ್ಟುಗಳಲ್ಲಿ, ಕಳೆದುಹೋದ ಗಿಡಗಳೆಲ್ಲ ಚಿಗುರಿ ನಿಂತಿದ್ದವು.

“ಏನಮ್ಮಾ ಇದು?”

ಮುದುಕಿ ಬೆದರಲಿಲ್ಲ. “ಆಫೀಸಿನವರಾ? ಈಗ ಬಂದ್ರಾ? ನಮ್ಮನೆಯವರಿಗೆ ಕಣ್ಣು ಕಾಣಲ್ಲ. ಬಸ್ಸಿಳಿದ್ರೆ ಮೊದಲು ನೇರ ಫುಟ್‌ಪಾತ್ ಹತ್ತುತಿದ್ರು. ನೀವು ಗೋಡೆ ಹಾಗೆ ಗಿಡ ಬೆಳೆಸಿದ್ರಿ. ಈಗ ಮೂಲೆವರೆಗೂ ರಸ್ತೆ ಮೇಲೇ ನಡೀಬೇಕು. ಮೊನ್ನೆ ಒಂದು ವ್ಯಾನು ತೋಳಿಗೆ ತಾಗಿಸ್ಕೊಂಡು ಹೋಯ್ತು. ಎಷ್ಟು ಸಲ ಹೇಳಿ ಕಳಿಸಿದೆ, ಯಾರೂ ಬರ್ಲಿಲ್ಲ. ಒಬ್ಬ ಮನುಷ್ಯ ನುಗ್ಗೋವಷ್ಟು ಜಾಗ ಮಾಡ್ಕೊಂಡೆ. ಗಿಡ ಏನ್ ತಪ್ಪು ಮಾಡಿದೆ, ಅದನ್ನ ಸಾಯಿಸಿಲ್ಲ.”

ಒಳಗಿನಿಂದ ಗಂಡಸಿನ ದನಿ ಕೇಳಿತು: “ಯಾರೇ ಅದು?”

“ಗಿಡದವರು ರೀ,” ಎಂದರು ಮುದುಕಿ.

ಊರಿನವರನ್ನೆಲ್ಲ ಶಂಕಿಸಿದ್ದ ಮೇಡಂ ತಾವೇ ಬೆಳೆಸಿದ ಆ ಸಾಲನ್ನು ಅಲ್ಲಿಯವರೆಗೆ ಒಮ್ಮೆಯೂ ಶಂಕಿಸಿರಲಿಲ್ಲ. ಮರುದಿನ ಅದೇ ಮಾಲಿಯನ್ನು ಕರೆದುಕೊಂಡು ಬಂದು, ಬಾಗಿಲಗಲದ ಜಾಗಕ್ಕೆ ಕಲ್ಲು ಹಾಸಿಸಿದರು. “ನಿನ್ನ ಮೇಲೆ ಅನುಮಾನ ಪಟ್ಟೆ,” ಎಂದರು ಅವನಿಗೆ. “ಗೊತ್ತು ಮೇಡಂ. ಆದ್ರೆ ಬಂದು ನೋಡಿದೋರು ನೀವೊಬ್ರೇ,” ಎಂದ ಅವನು.

ಅನುಮಾನ ಈಗ ಅವರತ್ತಲೇ ತಿರುಗಿತು. ಒಂದು ಮನೆಯ ಮುಂದೆ ಮಾತ್ರ ದಾರಿ ಬಿಡಿಸಿದ್ದೇಕೆ, ಆ ಮನೆಯವರು ನೆಂಟರೇ ಎಂದು ವಿಚಾರಣೆ ನಡೆಯಿತು. ಅವರು ಸಮಜಾಯಿಷಿ ಕೊಡುವ ಗೋಜಿಗೆ ಹೋಗಲಿಲ್ಲ. ವಿಚಾರಣೆಗೆ ಬಂದ ಅಧಿಕಾರಿಯನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ, ಗಿಡಸಾಲು ಮುಚ್ಚಿಕೊಂಡಿದ್ದ ಇನ್ನೊಂದು ನಿಲ್ದಾಣದಲ್ಲಿ ಇಳಿಸಿ, “ಈಗ ಕಣ್ಣು ಮುಚ್ಚಿ ಫುಟ್‌ಪಾತ್ ಹತ್ತಿ ಸಾರ್,” ಎಂದರು. ಆ ವರ್ಷ ಮುಗಿಯುವುದರೊಳಗೆ ಊರಿನ ನಿಲ್ದಾಣಗಳ ಮುಂದೆಲ್ಲ ಗಿಡಗಳು ಸರಿದು ದಾರಿ ಬಿಟ್ಟವು.

ನಿವೃತ್ತಿಯ ನಂತರವೂ ಅವರ ಫೋನು ನಿಂತಿಲ್ಲ. ಹೊಸ ಬಡಾವಣೆಯ ಹಸಿರು ಪಟ್ಟಿಗೆ ಮಣ್ಣು ಹೆಚ್ಚಾಗಿದೆ, ಮಳೆ ಬಂದರೆ ಫುಟ್‌ಪಾತಿಗೆ ಹರಿಯುತ್ತದೆಂದು ಕಳೆದ ವಾರ ಎಚ್ಚರಿಸಿದರು. ನಾವು ಹೋಗಿ ನೋಡಿ ಬಂದು, “ಎಲ್ಲ ಸರಿಯಾಗಿದೆ ಮೇಡಂ,” ಎಂದೆವು. “ಇವತ್ತು ಸರಿಯಾಗಿದೆ,” ಎಂದರು ಅವರು. ನಮ್ಮ ಮಾತನ್ನು ನಂಬದೆ ತಾವೇ ಹೋಗಿ ನೋಡಿ ಬರುವಷ್ಟು ಗಟ್ಟಿ ಕಾಲು, ಚುರುಕು ಕಣ್ಣು, ದೀರ್ಘಾಯುಷ್ಯ ಅವರಿಗಿರಲಿ.