ಜೆಲಿಗ್ ಪೊಸ್ನರನ ಒಣಗಂಟಲು

ವಿನಿಪೆಗ್‌ನ ಉತ್ತರ ಭಾಗದ ಹಳೆಯ ಸಿನಗಾಗ್‌ನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾಮಂದಿರದಲ್ಲಿ, ಜೆಲಿಗ್ ಪೊಸ್ನರ್ ಮೂವತ್ತೊಂಬತ್ತು ವರ್ಷ ಪ್ರಾರ್ಥನೆ ಹಾಡಿದವನು. ಪಾಪಗಳಿಗೆಲ್ಲ ಕ್ಷಮೆ ಬೇಡುವ ಯೋಮ್ ಕಿಪ್ಪುರ್ ದಿನ ಇಪ್ಪತ್ತೈದು ಗಂಟೆ ಯಾರೂ ಹನಿ ನೀರು ಕುಡಿಯುವಂತಿಲ್ಲ. ವರ್ಷದಲ್ಲಿ ಅತಿ ಹೆಚ್ಚು ಹಾಡಬೇಕಾದದ್ದೂ ಅದೇ ದಿನ. ಈ ನಿಯಮ ಮಾಡಿದವನು ಖಂಡಿತ ಹಾಡುಗಾರನಲ್ಲ ಎಂದು ಜೆಲಿಗ್ ಗೊಣಗುತ್ತಿದ್ದ, ಆದರೆ ಅದರಲ್ಲೇ ಅವನಿಗೆ ಒಳಗೊಳಗೆ ಜಂಬ. ಕುಡಿದ ನೀರು ಧ್ವನಿತಂತುಗಳನ್ನು ನೇರವಾಗಿ ಮುಟ್ಟುವುದಿಲ್ಲ, ಮೈಯೆಲ್ಲ ಸುತ್ತಿ ಅಲ್ಲಿಗೆ ಹೋಗಬೇಕು ಎಂದು ಅವನ ಹಾಡಿನ ಗುರು ಕಲಿಸಿದ್ದ. ಹಾಗಾಗಿ ಮೂರು ದಿನ ಮೊದಲೇ ಕಾಫಿ ಬಂದ್. ಬರೀ ನೀರು, ದ್ರಾಕ್ಷಿ, ಸಪ್ಪೆ ಸೂಪು.

ಈ ವರ್ಷ ಹೃದಯದ ಮಾತ್ರೆ ಎಲ್ಲವನ್ನೂ ಕೆಡಿಸಿತು. ಕುಡಿದದ್ದೆಲ್ಲ ಬಚ್ಚಲಿಗೆ. ಬೇಸಿಗೆಯಿಂದಲೇ ಮೇಲಿನ ಸ್ವರ ಒಡೆಯುತ್ತಿತ್ತು. ಮಾತ್ರೆಯಿಂದ ಗಂಟಲು ಒಣಗಿದೆ, ಅಷ್ಟೇ ಎಂದು ಅವನು ನಂಬಿಕೊಂಡಿದ್ದ. ನಂಬದೆ ಅವನಿಗೆ ಬೇರೆ ದಾರಿ ಇರಲಿಲ್ಲ, ಪಾಪ.

"ಡಾಕ್ಟರೇ ಹೇಳಿದಾರೆ. ಹತ್ತು ನಿಮಿಷಕ್ಕೊಮ್ಮೆ ಈ ಪುಟ್ಟ ಲೋಟದಷ್ಟು ಕುಡೀರಿ, ಅಷ್ಟಷ್ಟೇ ಕುಡಿದ್ರೆ ಉಪವಾಸ ಮುರಿದ ಹಾಗಲ್ಲ, ಪಾಪ ಏನಿಲ್ಲ," ಎಂದ ಸಿನಗಾಗ್‌ನ ಎಳೆಯ ಧರ್ಮಗುರು ಅಷರ್.

"ನೀನು ಹುಟ್ಟೋಕೆ ಮುಂಚಿಂದ ಒಣಗಂಟಲಲ್ಲೇ ಹಾಡ್ತಿದೀನಪ್ಪ. ಲೋಟ ನಿನ್ನ ಹತ್ರಾನೇ ಇರ್ಲಿ."

ಹೆಂಡತಿ ಫ್ರೂಮಾ ಬಿಡಲಿಲ್ಲ. "ನೀನೇನು ಒಂಟೆನಾ?" ಎಂದವಳೇ ಉಪವಾಸದ ಹಿಂದಿನ ದಿನವೇ, ಸಿನಗಾಗ್‌ನಲ್ಲಿ ಅವನು ನಿಲುವಂಗಿ ತೊಡುವ ಕೋಣೆಯಲ್ಲಿ, ಅಷರ್‌ನಿಂದ ಇಸಿದುಕೊಂಡ ಆ ಲೋಟವನ್ನೂ ಒಂದು ಬಾಟಲಿ ನೀರನ್ನೂ ಇಟ್ಟು ಬಂದಳು.

ಬೆಳಗಿನ ಪ್ರಾರ್ಥನೆ ಹೇಗೋ ಸಾಗಿತು. ಮಧ್ಯಾಹ್ನ ಕಳೆಯುವಷ್ಟರಲ್ಲಿ ನಾಲಿಗೆ ಅಂಗುಳಿಗೆ ಅಂಟಿತು. ಕೊನೆಯ ಪ್ರಾರ್ಥನೆಗೆ ಇನ್ನೂ ಎರಡು ಗಂಟೆ ಇರುವಾಗ ಜೆಲಿಗ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಪುಟ್ಟ ಲೋಟದಲ್ಲಿ ಒಂದು ಸಲ ಕುಡಿದ. ಹತ್ತು ನಿಮಿಷ ಕಾಯಲಿಲ್ಲ. ಬಾಟಲಿಗೇ ಬಾಯಿ ಹಚ್ಚಿ ತಳ ಕಾಣುವವರೆಗೆ ಗಟಗಟ ಕುಡಿದುಬಿಟ್ಟ. ನಾಚಿಕೆಯಾಯಿತು, ಹಾಯೆನಿಸಿತು ಕೂಡ.

ಎರಡು ಗಂಟೆ ಕಳೆದು ಕೊನೆಯ ಪ್ರಾರ್ಥನೆ ಹಾಡಲು ನಿಂತಾಗ ಗಂಟಲು ನಯವಾಗಿತ್ತು, ಎಳೆಯ ವಯಸ್ಸಿನಲ್ಲಿದ್ದ ಹಾಗೆ. ವರ್ಷವಿಡೀ ಜನ ಕಾಯುವ ಆ ಏರುಸ್ವರಕ್ಕೆ ಧೈರ್ಯವಾಗಿ ಏರಿದ. ಸ್ವರ ಒಡೆಯಿತು. ಮತ್ತೆ ಏರಿದ, ಬರೀ ಗಾಳಿ ಬಂತು. ಜನರೇ ಹಾಡನ್ನು ಎತ್ತಿಕೊಂಡು ಮುಗಿಸಿದರು.

ಉಪವಾಸ ಬಿಡಲು ಎಲ್ಲರೂ ಹಾಲ್‌ನಲ್ಲಿ ಸೇರಿದಾಗ, ಮಾಂಸದಂಗಡಿಯ ಲೇಬಲ್ ಎಂಬಾತ ಬಂದು ಅವನ ಬೆನ್ನು ತಟ್ಟಿದ.

"ಇಡೀ ದಿನ ಹನಿ ನೀರಿಲ್ದೆ ಯಾರ ಕೈಲಾಗತ್ತೆ ಮಾರಾಯ? ಬಾಯಾರಿತ್ತು, ಅಷ್ಟೇ. ಮುಂದಿನ್ ವರ್ಷಾನೂ ನೀನೇ, ಬೇರೆ ಮಾತಿಲ್ಲ. ತಗೋ, ಕುಡಿ ಮೊದ್ಲು!"

ಸುತ್ತಲಿದ್ದವರೆಲ್ಲ ಹೌದೆಂದು ತಲೆಯಾಡಿಸಿದರು. ಬಾಯಾರಿರಲಿಲ್ಲ, ಸ್ವರವೇ ಹೋಗಿತ್ತು. ಅದು ಜೆಲಿಗ್‌ಗೆ ಗೊತ್ತಿತ್ತು. ನಿಲುವಂಗಿಯ ಕೋಣೆಯಿಂದ ಖಾಲಿ ಬಾಟಲಿ ಹಿಡಿದು ಬಂದ ಫ್ರೂಮಾಳಿಗೂ ಈಗ ಗೊತ್ತಾಗಿತ್ತು. ಅವಳು ಅದನ್ನು ಸೆರಗಿನಂತೆ ಹೊದ್ದ ಶಾಲಿನೊಳಗೆ ಮರೆಮಾಡಿಕೊಂಡಳು.

ಲೇಬಲ್ ಚಾಚಿದ ಲೋಟವನ್ನು ಜೆಲಿಗ್ ತೆಗೆದುಕೊಂಡು, ಎಲ್ಲರೂ ನೋಡುತ್ತಿದ್ದಂತೆ, ಬಾಯಾರಿದವನ ಹಾಗೆ ಕುಡಿದ.