ಕನ್ನಡದಿಂದ ಕನ್ನಡಕ್ಕೆ

ಮನೆಗೊಂದೇ ಮೊಬೈಲು, ಅದೂ ಮಾಮಾನ ಅಂಗಿಯ ಕಿಸೆಯಲ್ಲೇ ಇರುತ್ತಿದ್ದ ದಿನಗಳವು. ನಾನು ಧುಪದಾಳದಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಐದನೇ ಇಯತ್ತೆ ಓದುತ್ತಿದ್ದೆ. ನಮ್ಮ ಸ್ವಂತ ಊರು ನಾಗನೂರ. ಗೋವಿನಜೋಳದ ಕಟಾವು ಮುಗಿದು ಹೊಲಗಳು ಬಯಲಾದವೆಂದರೆ ನಮ್ಮ ಅಜ್ಜ ಬೀರಪ್ಪ ನಾಗನೂರಿನಿಂದ ಕುರಿ ಹೊಡೆದುಕೊಂಡು ಧುಪದಾಳಕ್ಕೆ ಬರುತ್ತಿದ್ದ. ಹೊಲದವರು ತಾವಾಗಿಯೇ ಕರೆದು ಕುರಿ ತರುಬಿಸುತ್ತಿದ್ದರು. ಅಂದರೆ ಹಿಂಡು ಒಂದು ರಾತ್ರಿ ಅವರ ಹೊಲದಲ್ಲೇ ಮಲಗಬೇಕು, ಬಿದ್ದ ಹಿಕ್ಕೆ ಆ ಹೊಲಕ್ಕೆ ಗೊಬ್ಬರವಾಗಬೇಕು. ಮರುದಿನ ಪಕ್ಕದ ಹೊಲ. ಆ ಎರಡು ತಿಂಗಳು ಶಾಲೆ ಬಿಟ್ಟ ಕೂಡಲೇ ನಾನು ಓಡುತ್ತಿದ್ದದ್ದು ಅಜ್ಜನ ಹತ್ತಿರ. ಇಬ್ಬನಿಗೆ ಒದ್ದೆಯಾದ ಕಂಬಳಿಯ ವಾಸನೆ, ಹೊಗೆ ಕುಡಿದ ಆಡಿನ ಹಾಲಿನ ಚಹಾ, ಕಟಕ ರೊಟ್ಟಿಯ ಮೇಲೆ ಶೇಂಗಾ ಚಟ್ನಿ, ಜೊತೆಗೆ ಕಚ್ಚಿಕೊಳ್ಳಲು ಹಸಿ ಉಳ್ಳಾಗಡ್ಡಿ. ಅಂಥ ಊಟ ಆಮೇಲೆ ಎಲ್ಲಿಯೂ ಸಿಗಲಿಲ್ಲ ಎಂದು ಹೇಳಲು ನನಗೇನೂ ಸಂಕೋಚವಿಲ್ಲ.

ಆ ವರ್ಷ ನನಗೊಂದು ರೋಗ ಅಂಟಿತ್ತು. ತರಗತಿಯಲ್ಲಿ ಪಾಠವನ್ನು ಗಟ್ಟಿಯಾಗಿ ಓದುವ ಕೆಲಸ ಯಾವಾಗಲೂ ನನ್ನದೇ. ಓದಿ ಓದಿ 'ಕಂಗೊಳಿಸು', 'ವಿಹರಿಸು', 'ಪ್ರಾತಃಕಾಲ' ಎಂಬ ಮಾತುಗಳ ಮೇಲೆ ಜೀವ ಹೋಗುತ್ತಿತ್ತು. ಅತ್ತೆ "ಇನ್ನೊಂದ ರೊಟ್ಟಿ ಹಾಕ್ಲನ?" ಎಂದರೆ "ಬೇಡ, ನನಗೆ ತೃಪ್ತಿಯಾಗಿದೆ" ಎನ್ನುತ್ತಿದ್ದೆ. ಅತ್ತೆ ಹಂಚಿನ ಮುಂದೆಯೇ ಬಿದ್ದು ಬಿದ್ದು ನಕ್ಕು, "ನಮ್ಮ ಲಗಮವ್ವಗ ಪುಸ್ತಕದ ಗಾಳಿ ಬಡದೈತಿ ನೋಡ್ರಿ" ಎಂದು ನೆರೆಮನೆಯವರಿಗೆ ಸಾರುತ್ತಿದ್ದಳು. ನನಗೆ ಅವಮಾನ. ಇವರಿಗೇನು ಗೊತ್ತು ಶುದ್ಧ ಕನ್ನಡ ಎಂದು ಮೂಗು ಮುರಿಯುತ್ತಿದ್ದೆ.

ಸಂಕ್ರಾಂತಿ ಹತ್ತಿರ ಬಂದಾಗ ಮೂವರು ಪರದೇಶದವರು ಊರಿಗೆ ಬಂದರು. ಧುಪದಾಳದ ಒಡ್ಡಿನ ಹಿನ್ನೀರಿಗೆ ಚಳಿಗಾಲದಲ್ಲಿ ಉದ್ದ ಕಾಲಿನ ಬೂದು ಕೊಕ್ಕರೆಗಳು ಗುಂಪು ಗುಂಪಾಗಿ ಬರುತ್ತವಲ್ಲ, ಅವುಗಳ ಫೋಟೋ ತೆಗೆಯಲು. ಸ್ವೀಡನ್ನಿನ ಕೆಂಪು ಗಡ್ಡದವನೊಬ್ಬ, ಡೆನ್ಮಾರ್ಕಿನ ಬಲು ಎತ್ತರದವನೊಬ್ಬ, ನಾರ್ವೆಯ ಇಂಗ್ರಿಡ್ ಎಂಬ ನರೆಗೂದಲಿನ ಹೆಂಗಸು. ಅವರ ಇಂಗ್ಲಿಷನ್ನು ಕನ್ನಡಕ್ಕೆ ತರಲು ಮೈಸೂರು ಕಡೆಯ ಪ್ರಸನ್ನ ಎಂಬ ತರುಣ ಜೊತೆಗಿದ್ದ. ಹಕ್ಕಿಗಳು ನೀರಿನಲ್ಲಿ ದೂರ ಕಾಣುತ್ತಿದ್ದವೇ ಹೊರತು ಹತ್ತಿರ ಸಿಗುತ್ತಿರಲಿಲ್ಲ. ಕುರಿಯವರನ್ನು ಕೇಳಿ ಎಂದು ಯಾರೋ ಹೇಳಿದ್ದಕ್ಕೆ ಅವರು ಒಂದು ಸಂಜೆ, ನಾನೂ ಅಲ್ಲಿದ್ದಾಗ, ಅಜ್ಜನನ್ನು ಹುಡುಕಿಕೊಂಡು ಹೊಲಕ್ಕೇ ಬಂದರು.

"ತಾತ, ಈ ಹಕ್ಕಿಗಳು ಬೆಳಗ್ಗೆ ಎಲ್ಲಿ ಇಳಿಯುತ್ವೆ?" ಎಂದ ಪ್ರಸನ್ನ.

ಅಜ್ಜ ಕೋಲಿಗೆ ಗದ್ದ ಊರಿ ಹೇಳಿದ: "ಹೊಳಿ ದಂಡ್ಯಾಗ ಕುಂತ್ರ ಸಿಗೂದಿಲ್ಲ ತಮ್ಮಾ. ರಾತ್ರಿ ಕುರಿ ತರುಬಿದ ಹೊಲಾ ಇರ್ತೈತಲ್ಲ, ನಾವು ಎದ್ದ ಹ್ವಾದ ಮ್ಯಾಲ ಅಲ್ಲೇ ಬಂದ ಇಳೀತಾವು. ಹಿಕ್ಕ್ಯಾಗ ಹುಳಾ ಎದ್ದಿರ್ತಾವು, ಕುರಿ ತುಳದಲ್ಲಿ ಕಾಳ ಮ್ಯಾಲ ಬಂದಿರ್ತೈತಿ. ನಾವು ಮುಂದ ಮುಂದ, ಅವು ನಮ್ಮ ಬೆನ್ನಿಗಿ."

ಅಷ್ಟರಲ್ಲಿ ಎರಡು ಆಡು ಯಾರದೋ ಕಡಲೆ ಬೆಳೆಗೆ ನುಗ್ಗಿದ್ದರಿಂದ ಅಜ್ಜ "ನೀ ತಿಳಿಸಿ ಹೇಳ ಅವ್ವೀ" ಎಂದು ನನಗೆ ಹೇಳಿ, ಕೂಗುತ್ತ ಅತ್ತ ಓಡಿದ. ಪ್ರಸನ್ನ ನನ್ನತ್ತ ತಿರುಗಿದ. "ಏನಂದ್ರು? ಒಂದಕ್ಷರಾನೂ ಗೊತ್ತಾಗ್ಲಿಲ್ಲ. ಇದು ಕನ್ನಡಾನೇನಾ?"

ಆ ಪ್ರಶ್ನೆಗೆ ನನ್ನ ಕಿವಿ ಬಿಸಿಯಾಯಿತು. ಅಜ್ಜನ ಪರವಾಗಿ ಸಿಟ್ಟು ಬರಬೇಕಿತ್ತು, ಬಂದದ್ದು ನಾಚಿಕೆ. ಹಿಕ್ಕೆ, ಹುಳ ಎಂದೆಲ್ಲ ಆ ದೊಡ್ಡವರೆದುರು ಹೇಗೆ ಹೇಳುವುದು? ಎದೆ ಸೆಟೆದು ನಿಂತು, "ಪಕ್ಷಿಗಳು ಪ್ರಾತಃಕಾಲದಲ್ಲಿ ನದಿಯ ದಂಡೆಯ ಮೇಲೆ ವಿಹರಿಸುತ್ತವೆ" ಎಂದುಬಿಟ್ಟೆ. ಪ್ರಸನ್ನನ ಮುಖ ಅರಳಿತು. "ಎಷ್ಟು ಚೆನ್ನಾಗಿ ಮಾತಾಡ್ತೀಯಮ್ಮ!" ಎಂದ. ಇಂಗ್ರಿಡ್ ನನ್ನ ತಲೆ ಸವರಿದಳು. ಆ ಸಂಜೆ ನಾನು ನೆಲದ ಮೇಲೆ ನಡೆಯಲಿಲ್ಲ.

ಮರುದಿನ ನಸುಕಿನಲ್ಲಿ ಅವರು ಹೊಳೆಯ ದಂಡೆಗೆ ಹೋಗಿ ಚಳಿಯಲ್ಲಿ ಮೂರು ತಾಸು ಕುಳಿತರು. ಹಕ್ಕಿಗಳು ಅವರ ತಲೆಯ ಮೇಲೆಯೇ ಹಾರಿ ಎಲ್ಲಿಗೋ ಹೋದವು. ಚಹಾದ ಅಂಗಡಿಯಲ್ಲಿ ಪ್ರಸನ್ನ, "ಆ ತಾತ ಬಾಯಿಗೆ ಬಂದದ್ದು ಹೇಳಿ ಕಳಿಸಿದ್ದಾರೆ. ನಾಳೆ ಮಧ್ಯಾಹ್ನ ಇವರು ಹೊರಡಬೇಕು, ಬಂದದ್ದೇ ದಂಡ" ಎಂದನಂತೆ. ಆ ಮಾತು ಮಾಮಾನ ಬಾಯಿಂದ ಅಜ್ಜನ ಕಿವಿಗೆ ಬಿತ್ತು. ಹುಟ್ಟಿದಾಗಿನಿಂದ ಆ ದಾರಿಯಲ್ಲೇ ಕುರಿ ಕಾಯ್ದ ಮನುಷ್ಯ. ಯಾವ ಹೊಲದಲ್ಲಿ ಎಂಥ ಹುಲ್ಲು, ಯಾವ ಮೋಡಕ್ಕೆ ಮಳೆ ಎಂದು ಊರವರು ಅವನನ್ನು ಕೇಳಿ ಮುಂದುವರಿಯುತ್ತಿದ್ದರು. ಅವನ ಮಾತು ಸುಳ್ಳು ಎಂದವರು ಅದುವರೆಗೆ ಇರಲಿಲ್ಲ.

"ಅವ್ವೀ, ನಾ ಹೇಳಿದ್ದ ಅವರಿಗಿ ಹೇಳಿದೆಲ್ಲ?" ಎಂದು ಕೇಳಿದ.

"ಹೂಂ" ಎಂದೆ. ಅವನು ಮತ್ತೆ ಕೇಳಲಿಲ್ಲ. ಅವತ್ತು ಮಧ್ಯಾಹ್ನ ಬುತ್ತಿಯನ್ನೂ ಬಿಚ್ಚಲಿಲ್ಲ. ನನಗೆ ಅಳು ಬರುವಂತಾಯಿತು, ಬಾಯಿ ಮಾತ್ರ ಬಿಡಲಿಲ್ಲ.

ಸಂಜೆ ಅವರೆಲ್ಲ ಕುರಿಗಳ ಫೋಟೋವಾದರೂ ಇರಲಿ ಎಂದು ಮತ್ತೆ ಬಂದರು. ಅಜ್ಜನ ಮುಖ ಗಂಟಾಗಿತ್ತು. ಆದರೂ ಬಂದವರನ್ನು ಚಹಾ ಕೊಡದೆ ಕಳಿಸುವ ಪೈಕಿಯವನಲ್ಲ, ಕಂಬಳಿ ಹಾಸಿ ಕೂಡಿಸಿದ. ಆ ಮೂವರೂ ತಮ್ಮತಮ್ಮಲ್ಲೇ ಹರಟೆಗಿಳಿದರು. ಕೇಳುತ್ತ ಕೂತ ನನಗೆ ವಿಚಿತ್ರವೆನಿಸಿತು. ಗಡ್ಡದವನ ಮಾತು ಹಾಡಿನ ಹಾಗೆ ಏರುತ್ತ ಇಳಿಯುತ್ತಿತ್ತು. ಎತ್ತರದವನದು ಗಂಟಲಲ್ಲೇ ಉರುಳಿ ಅಲ್ಲೇ ಮುಗಿಯುತ್ತಿತ್ತು. ಆಗಾಗ ಗಡ್ಡದವನು ತಿಳಿಯದೆ ಹುಬ್ಬು ಗಂಟಿಕ್ಕಿದರೆ ಇಂಗ್ರಿಡ್ ನಡುವೆ ಬಿಡಿಸಿ ಹೇಳುತ್ತಿದ್ದಳು.

"ಸರ್, ಇದು ಯಾವ ಭಾಷೆ?" ಎಂದು ಕೇಳಿದೆ.

"ಒಂದಲ್ಲ, ಮೂರು," ಎಂದ ಪ್ರಸನ್ನ. "ಅಕ್ಕಪಕ್ಕದ ದೇಶದವರು. ಅವರವರ ಭಾಷೆ ಅವರವರು ಮಾತಾಡ್ತಾರೆ, ಒಬ್ಬರದ್ದು ಒಬ್ಬರಿಗೆ ತಿಳಿಯತ್ತೆ. ಡೆನ್ಮಾರ್ಕಿನವನದ್ದು ಮಾತ್ರ ಕಷ್ಟವಂತೆ. ಬಾಯಲ್ಲಿ ಬಿಸಿ ಆಲೂಗೆಡ್ಡೆ ಇಟ್ಕೊಂಡು ಮಾತಾಡ್ತಾನೆ ಅಂತ ಇವರಿಬ್ಬರೂ ರೇಗಿಸ್ತಾರೆ. ಅವನಿಗೆ ಇವರದ್ದು ಚೆನ್ನಾಗೇ ಗೊತ್ತಾಗತ್ತೆ."

ಅಜ್ಜ ಚಹಾ ಸೋಸುವುದನ್ನು ನಿಲ್ಲಿಸಿದ. "ಹಂಗ ಕಾಡಸ್ತಾರಂತ ಆಂವ ತನ್ನ ಮಾತ ಬದಲ ಮಾಡ್ಯಾನನ? ಕೇಳ ಅವ್ವೀ."

ನಾನು ಅದನ್ನು ಪ್ರಸನ್ನನಿಗೆ ಹೇಳಿದೆ, ಪ್ರಸನ್ನ ಇಂಗ್ಲಿಷಿನಲ್ಲಿ ಕೇಳಿದ. ಎತ್ತರದವನು ನಕ್ಕು ತಲೆ ಅಲ್ಲಾಡಿಸಿದ. "ಬೇಕಿದ್ರೆ ನಿಧಾನವಾಗಿ ಆಡ್ತಾನಂತೆ. ಬಿಡೋದು ಮಾತ್ರ ಇಲ್ವಂತೆ," ಎಂದು ಉತ್ತರ ಬಂತು.

"ಬರೋಬ್ಬರಿ ಹೇಳಿದ!" ಎಂದು ಅಜ್ಜ ತೊಡೆ ತಟ್ಟಿಕೊಂಡ. ಆಮೇಲೆ ಪ್ರಸನ್ನನತ್ತ ಕೈ ತೋರಿಸಿ, "ಈ ತಮ್ಮ ಆಡೂದು ನನಗ ಪೂರಾ ತಿಳೀತೈತಿ. ನಾ ಆಡೂದು ಈ ತಮ್ಮಗ ತಿಳೀವಲ್ದು. ಹಂಗಾರ ನಮ್ಮಿಬ್ಬರಾಗ ಜಾಸ್ತಿ ಕನ್ನಡ ಬಂದಾಂವ ಯಾಂವ? ಇದನ್ನೂ ಹೇಳು," ಎಂದ.

ಇದನ್ನು ನಯ ಮಾಡಿ ಹೇಳಲು ನನ್ನ ಪುಸ್ತಕದಲ್ಲಿ ಮಾತುಗಳಿದ್ದವು. ಆದರೆ ಅಜ್ಜನನ್ನು ನೋಡಿದೆ. ಸುಳ್ಳುಗಾರ ಎನಿಸಿಕೊಂಡು ದಿನವಿಡೀ ಉಪವಾಸವಿದ್ದವನು ಅತಿಥಿಗಳಿಗೆ ಚಹಾ ಸೋಸುತ್ತ ಕೂತಿದ್ದ. ಅವನು ಅಂದದ್ದನ್ನು ಒಂದು ಮಾತೂ ಬಿಡದೆ ಹೇಳಿದೆ. ಪ್ರಸನ್ನ ಕೆಂಪಗಾದ, ಆಮೇಲೆ ತಾನೇ ನಕ್ಕುಬಿಟ್ಟ. "ತಪ್ಪಾಯ್ತು ತಾತ. ಆದ್ರೆ ಹಕ್ಕಿ ವಿಷಯದಲ್ಲಿ ಮಾತ್ರ ನೀವು..."

"ಅಜ್ಜಂದ ತಪ್ಪಿಲ್ರೀ," ಎಂದು ನಾನು ಅಳುತ್ತಲೇ ಕೂಗಿದೆ. "ಅಜ್ಜ ಖರೇನ ಹೇಳಿದ್ದ. ಹಿಕ್ಕಿ ಅನ್ನಾಕ ನಾಚಿಕಿ ಬಂದ ನಾನ ಹೊಳಿ ದಂಡಿ ಅಂದ್ನಿರೀ."

ಅಜ್ಜನ ಕೋಲು ಬೆನ್ನ ಮೇಲೆ ಬೀಳುತ್ತದೆ ಎಂದು ಕಣ್ಣು ಮುಚ್ಚಿದೆ. ಬೀಳಲಿಲ್ಲ. "ಹಿಕ್ಕಿ ಅಂದ್ರ ನಾಚಿಕಿ ಆತನ?" ಎಂದ ಅಜ್ಜ, ದನಿ ಏರಿಸದೆ. "ನಿನ್ನ ಪಾಟಿ ಪುಸ್ತಕ ಆ ಹಿಕ್ಕಿ ರೊಕ್ಕದಾಗ ಬಂದಾವು. ಕಣ್ಣ ಒರಸ್ಕೊ. ಈಗ ಹೇಳು, ನಾ ಅಂದಂಗನ ಹೇಳು. ಸಾವಕಾಶ ಹೇಳು, ತಿಳೀತೈತಿ ತಮ್ಮಗ."

ಹೇಳಿದೆ. ತರುಬಿದ ಹೊಲ, ಎದ್ದ ಹುಳ, ಮೇಲೆ ಬಂದ ಕಾಳು, ಎಲ್ಲ ನಮ್ಮ ಮಾತಿನಲ್ಲೇ, ಒಂದೊಂದಾಗಿ. ಪ್ರಸನ್ನ ಮುಂದೆ ಬಾಗಿ ಕೇಳುತ್ತ ಕೇಳುತ್ತ, ಕೊನೆಗೆ ನನ್ನ ನೆರವಿಲ್ಲದೆ ಅಜ್ಜನನ್ನೇ ನೇರವಾಗಿ, "ಹಾಗಾದ್ರೆ ನಾಳೆ ಈ ಹೊಲಕ್ಕೇ ಬರ್ತಾವಾ?" ಎಂದು ಕೇಳಿದ. "ಬರ್ತಾವು. ಬರಲಿಲ್ಲಂದ್ರ ನನ್ನ ಹೆಸರ ಬೀರಪ್ಪ ಅಲ್ಲ," ಎಂದ ಅಜ್ಜ.

ಮರುದಿನ ಹಿಂಡು ಎದ್ದು ಮುಂದಿನ ಹೊಲಕ್ಕೆ ನಡೆಯಿತು. ನಾವು ಬದುವಿನ ಜಾಲಿಯ ಮರೆಯಲ್ಲಿ ಉಸಿರು ಬಿಗಿಹಿಡಿದು ಕೂತೆವು. ಬಿಸಿಲು ಏರುತ್ತಿದ್ದಂತೆ ಒಂದು ಹಕ್ಕಿ ಇಳಿಯಿತು. ಆಮೇಲೆ ಹತ್ತು. ಆಮೇಲೆ ಎಣಿಸಲು ಆಗದಷ್ಟು, ಬೂದು ರೆಕ್ಕೆ ಮಡಚಿಕೊಂಡು, ಕುರಿ ತುಳಿದ ಮಣ್ಣಲ್ಲಿ ಗಂಭೀರವಾಗಿ ಕಾಲಿಡುತ್ತ. ಇಂಗ್ರಿಡ್ ಕ್ಯಾಮೆರಾ ಮರೆತು ನನ್ನ ಕೈ ಹಿಡಿದುಕೊಂಡಿದ್ದಳು. ಹಿಂದೆ ತಿರುಗಿ ನೋಡಿದರೆ ಅಜ್ಜ ಹಬ್ಬಕ್ಕೆಂದು ತೆಗೆದಿಟ್ಟಿದ್ದ ಹೊಸ ರುಮಾಲು ಸುತ್ತಿಕೊಂಡು ನಿಂತಿದ್ದ. ಅದನ್ನು ಯಾವಾಗ ಸುತ್ತಿಕೊಂಡನೋ ಯಾರಿಗೂ ಗೊತ್ತಿಲ್ಲ. ಅವನ ಮೊಮ್ಮಗಳಾಗಿ ಹುಟ್ಟಿದ್ದಕ್ಕೆ ನನಗೆ ಅವತ್ತು ಆದಷ್ಟು ಹೆಮ್ಮೆ ಮತ್ತೆಂದೂ ಆಗಿಲ್ಲ.

ಈಗ ನಾನು ಹುಕ್ಕೇರಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಬರೆಯುವಾಗ ಪುಸ್ತಕದ ಕನ್ನಡ, ಮಾತಾಡುವಾಗ ನಾಗನೂರಿನದು. ಮೈಸೂರಿನಿಂದ ಸಾಹೇಬರು ಬಂದರೂ ಅಷ್ಟೇ, ಬೇಕಾದರೆ ನಿಧಾನವಾಗಿ ಆಡುತ್ತೇನೆ. ಅಜ್ಜ ತೀರಿಕೊಂಡು ಬಹಳ ವರ್ಷವಾಯಿತು. ಧುಪದಾಳದ ಆ ಹೊಲಗಳು ಈಗ ವರ್ಷವಿಡೀ ಕಬ್ಬು. ಬಯಲೇ ಇಲ್ಲದ ಮೇಲೆ ಕುರಿ ತರುಬಿಸುವವರು ಯಾರು? ನನ್ನ ತಮ್ಮ ಅಜ್ಜನ ಹಿಂಡು ಮಾರಿ ಮೂಡಲಗಿಯಲ್ಲಿ ಅಂಗಡಿ ಇಟ್ಟಿದ್ದಾನೆ. ಹೊರಗಿನವರ ಫೋನು ಬಂದರೆ ಅವನ ದನಿಯೇ ಬದಲಾಗುತ್ತದೆ. ಅವನ ಮಕ್ಕಳು ಟೀವಿಯವರ ಹಾಗೆ ಮಾತಾಡುತ್ತಾರೆ, ಚೆಂದಾಗಿಯೇ ಮಾತಾಡುತ್ತಾರೆ. ಹೋದ ದೀಪಾವಳಿಗೆ ಅವರನ್ನು ಕೂಡಿಸಿಕೊಂಡು ಈ ಕಥೆ ಹೇಳಿದೆ. ಅಜ್ಜನ ಮಾತು ಬಂದಲ್ಲೆಲ್ಲ ಅವನು ಆಡಿದ ಹಾಗೆಯೇ ಆಡಿ ತೋರಿಸಿದೆ. ಮಕ್ಕಳು ಕಣ್ಣರಳಿಸಿ ಕೇಳಿದರು. ಮುಗಿದ ಮೇಲೆ ಸಣ್ಣವಳು ಹತ್ತಿರ ಸರಿದು, "ಅತ್ತೆ, ತುಂಬಾ ಚೆನ್ನಾಗಿತ್ತು. ಈಗ ಕನ್ನಡದಲ್ಲಿ ಹೇಳಿ" ಎಂದಳು.